ಹಳೆಯ ಪೀಠಕ್ಕೆ ಸಿನಿಮಾದ ರೂಪ

ಜನ ಬಾರದ ಆಟವನ್ನು ತೆಗೆದು ಆ ಜಾಗದಲ್ಲಿ ಗೆದ್ದ ಸಿನಿಮಾವೊಂದರ ಕಥೆಯನ್ನು ಕೂರಿಸುವುದು ಮನರಂಜನಾ ಉದ್ಯಾನಗಳಲ್ಲಿ ರೂಢಿಯಾಗಿರುವ ಕ್ರಮ. ಎಷ್ಟೋ ಸಲ ಯಂತ್ರ ಹಾಗೆಯೇ ಉಳಿದಿರುತ್ತದೆ. ಗೊಂಬೆ, ಬಣ್ಣ, ಸಂಗೀತ, ಹೆಸರು ಮಾತ್ರ ಬದಲಾಗುತ್ತವೆ. ಫ್ಲಾರಿಡಾದ ಎಪ್ಕಾಟ್ ಉದ್ಯಾನದ ನಾರ್ವೆ ವಿಭಾಗದಲ್ಲಿ 1988ರಲ್ಲಿ ಶುರುವಾದ ‘ಮೇಲ್‌ಸ್ಟ್ರಾಮ್’ ಎಂಬ ದೋಣಿಯಾಟವನ್ನು 2014ರಲ್ಲಿ ಮುಚ್ಚಿದರು. 2016ರಲ್ಲಿ ಅದೇ ಕಾಲುವೆಯಲ್ಲಿ ‘ಫ್ರೋಜನ್’ ಚಿತ್ರದ ಆಟ ತೆರೆಯಿತು. ದೋಣಿ ಇದ್ದಕ್ಕಿದ್ದಂತೆ ಹಿಂದಕ್ಕೆ ಜಾರುವ ತಿರುವು ಕೂಡ ಹಳೆಯದೇ. ನಾರ್ವೆಯ ಜನಪದದ ಭೂತಗಳಿಗಾಗಿ ಅಷ್ಟಾಗಿ ಕಾಯದಿದ್ದ ಜನ ಹಿಮದ ರಾಣಿಯನ್ನು ನೋಡಲು ಗಂಟೆಗಟ್ಟಲೆ ಸರದಿಯಲ್ಲಿ ನಿಂತರು.

ಇಲ್ಲಿ ಎರಡು ಪ್ರಶ್ನೆಗಳಿವೆ. ಕಥೆ ಬದಲಾದ ಮೇಲೆ ಅದು ಅದೇ ಆಟವೇ? ಜನ ಬರಲಿಲ್ಲ ಎಂಬುದು ಒಂದನ್ನು ತೆಗೆದುಹಾಕಲು ಸಾಕಾದ ಕಾರಣವೇ?

ಮೊದಲ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ, ಆದರೆ ಅವು ಅದನ್ನು ಇನ್ನೊಂದು ತುದಿಯಿಂದ ಹಿಡಿದಿವೆ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ರಥವನ್ನು ತೋರಿಸಿ ಕೇಳುವುದು, ಅಚ್ಚು, ಗಾಲಿ, ನೊಗಗಳಲ್ಲಿ ರಥ ಯಾವುದು ಎಂದು. ನ್ಯಾಯ–ವೈಶೇಷಿಕರ ಲೆಕ್ಕ ಇನ್ನೂ ಬಿಗಿ: ಬಟ್ಟೆಯಿಂದ ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ನಾಶವಾಯಿತು, ಉಳಿದದ್ದು ಹೊಸದಾಗಿ ಹುಟ್ಟಿದ ಖಂಡಪಟ. ಇವರೆಲ್ಲ ಚಿಂತಿಸಿದ್ದು ಭಾಗಗಳು ಬದಲಾಗಿ ಹೆಸರು ಉಳಿಯುವ ವಸ್ತುವಿನ ಬಗ್ಗೆ. ಉದ್ಯಾನದ ಆಟದಲ್ಲಿ ಭಾಗಗಳು ಉಳಿದು ಹೆಸರು ಹೋಗುತ್ತದೆ. ಅದ್ವೈತಿಗೆ ಇದರಲ್ಲಿ ತೊಡಕಿಲ್ಲ. ಮಡಕೆ ಹೋಗಿ ಕುಡಿಕೆ ಬಂದರೂ ಮಣ್ಣು ಮಣ್ಣೇ ಎಂಬ ಛಾಂದೋಗ್ಯದ ವಿಚಾರವನ್ನು ಕಬ್ಬಿಣದ ಹಳಿಗೂ ಅನ್ವಯಿಸಬಹುದು. ಆದರೆ ಕಬ್ಬಿಣ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಅಳತೆಗೋಲು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಯಾವುದು ಫಲ ಕೊಡುತ್ತದೋ ಅದೇ ಸತ್. ಎತ್ತರದಿಂದ ಬೀಳುವ ಭಯವೇ ಫಲವಾದರೆ ಆಟ ಅದೇ. ಕಥೆಯೊಳಗೆ ಹೊಕ್ಕ ಅನುಭವ ಫಲವಾದರೆ ಬೇರೆ. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಲ್ಲಿ ಮೊದಲ ಬಗೆಯ ಫಲವೇ ಮುಖ್ಯ. ಬನಶಂಕರಿಯಿಂದ ಹೊರಟ ಕಾಲೇಜು ಹುಡುಗರು ಅಲ್ಲಿ ಹುಡುಕುವುದು ಹೊಟ್ಟೆಯೊಳಗಿನ ತಳಮಳವನ್ನು, ನಾಯಕನನ್ನಲ್ಲ.

ಎರಡನೆಯ ಬಗೆಯ ಫಲಕ್ಕೆ ದಕ್ಷಿಣ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ: ಜಯನಗರದ ಪಕ್ಕದ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಅದು ನಡೆಯುವ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ತೋಟಗಾರರು ತಾವು ಬೆಳೆದ ಹೂವು, ಹಣ್ಣು, ತರಕಾರಿಗಳನ್ನು ಸ್ಪರ್ಧೆಗಿಡುವುದು ಪ್ರದರ್ಶನದ ಮೂಲ ಸ್ವರೂಪ. ಈಗ ಜನ ಮುಗಿಬೀಳುವುದು ನಡುವೆ ನಿಲ್ಲುವ ಹೂವಿನ ಕಟ್ಟಡಕ್ಕೆ, ಪ್ರತಿ ಸಲವೂ ಬದಲಾಗುವ ವಿಷಯಕ್ಕೆ. ಕೋವಿಡ್‌ನ ಬಿಡುವು ಕಳೆದು 2022ರ ಆಗಸ್ಟ್‌ನಲ್ಲಿ ನಡೆದ ಪ್ರದರ್ಶನವನ್ನು ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರಿಗೆ ಅರ್ಪಿಸಲಾಗಿತ್ತು. ಪುನೀತ್ ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ. ರಾಜ್‌ಕುಮಾರ್ ಅವರ ಗಾಜನೂರಿನ ಹಳೆಯ ಮನೆ ಹೂವಿನಲ್ಲಿ ಎದ್ದಿತು. ಲಕ್ಷಗಟ್ಟಲೆ ಜನ ಬಂದರು. ಮರುವರ್ಷ ಆಗಸ್ಟ್‌ನಲ್ಲಿ ಅದೇ ಜಾಗಕ್ಕೆ ಕೆಂಗಲ್ ಹನುಮಂತಯ್ಯನವರ ವಿಧಾನಸೌಧ ಬಂತು, 2024ರ ಜನವರಿಯಲ್ಲಿ ಬಸವಣ್ಣ, 2025ರ ಜನವರಿಯಲ್ಲಿ ವಾಲ್ಮೀಕಿ. ಸಿನಿಮಾ ಬಂದದ್ದರಿಂದ ಗಾಜಿನ ಮನೆ ಕೆಟ್ಟಿತೆಂದು ಯಾರಿಗೂ ಅನಿಸಲಿಲ್ಲ, ಸಿನಿಮಾ ಹೋದದ್ದಕ್ಕೆ ಯಾರೂ ಜಗಳವಾಡಲಿಲ್ಲ. ಹೂವು ಬಾಡುತ್ತದೆ ಎಂಬುದನ್ನು ಎಲ್ಲರೂ ಒಪ್ಪಿಕೊಂಡೇ ಒಳಗೆ ಹೋಗಿರುತ್ತಾರೆ. ಬದನೆಕಾಯಿ ಬೆಳೆದು ಬಹುಮಾನ ಗೆದ್ದವನ ಮುಂದೆ ಸರದಿ ಇಲ್ಲದ್ದು ಮಾತ್ರ ಸ್ವಲ್ಪ ಬೇಸರದ ಸಂಗತಿ.

ಎರಡನೆಯ ಪ್ರಶ್ನೆಗೆ, ಅಂದರೆ ಜನ ಬಾರದ್ದನ್ನು ತೆಗೆಯಬಹುದೇ ಎಂಬುದಕ್ಕೆ, ನೇರ ಉತ್ತರ ಸಿಗುವುದು ಆಗಮಗಳಲ್ಲಿ. ಮೂರ್ತಿಯನ್ನು ಬದಲಿಸಲು ಅವು ದಾರಿ ಕೊಟ್ಟಿವೆ. ಮೂರ್ತಿ ಭಿನ್ನವಾದರೆ, ಸವೆದುಹೋದರೆ ಜೀರ್ಣೋದ್ಧಾರ ಮಾಡಬೇಕು: ಮೂರ್ತಿಯಲ್ಲಿರುವ ಕಲೆಯನ್ನು, ಅಂದರೆ ದೈವಶಕ್ತಿಯನ್ನು, ಕಲಾಕರ್ಷಣದ ವಿಧಿಯಿಂದ ಕುಂಭಕ್ಕೆ ಇಳಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ತಪ್ಪದಂತೆ ನೋಡಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠೆ. ರೂಪ ಹೋದರೂ ಸಾನ್ನಿಧ್ಯ ಕಡಿಯದಂತೆ ಇಷ್ಟೆಲ್ಲ ಎಚ್ಚರ. ಕಾರಣಗಳ ಪಟ್ಟಿಯಲ್ಲಿ ಭಕ್ತರ ಕೊರತೆ ಇಲ್ಲ. ಅರ್ಚಕರೊಬ್ಬರೇ ಒಂದು ಹಣತೆ ಹಚ್ಚಿ ಬಾಗಿಲು ಹಾಕಿಕೊಂಡು ಹೋಗುವ ಗುಡಿಯ ದೇವರು ಒಂದಿಷ್ಟೂ ಕಡಿಮೆ ದೇವರಲ್ಲ. ಶಾಸನಗಳು ದತ್ತಿ ಬಿಡುವಾಗ ಸೂರ್ಯಚಂದ್ರರಿರುವವರೆಗೆ ಎಂದು ಬರೆಸುತ್ತಿದ್ದುದು ಈ ನಂಬಿಕೆಯಿಂದಲೇ. ಸರದಿಯ ಉದ್ದ ಆ ಕರಾರಿನ ಭಾಗವಾಗಿರಲಿಲ್ಲ. ವ್ಯವಹಾರದಲ್ಲಿ ಜನಪ್ರಿಯತೆಗೆ ಬೆಲೆ ಇಲ್ಲವೆಂದಲ್ಲ. 1975ರ ‘ಜೈ ಸಂತೋಷಿ ಮಾ’ ಹಿಂದಿ ಚಿತ್ರ ಅಷ್ಟೇನೂ ಪರಿಚಯವಿಲ್ಲದ ದೇವಿಯೊಬ್ಬಳ ಶುಕ್ರವಾರದ ವ್ರತವನ್ನು ದೇಶದ ಉದ್ದಗಲಕ್ಕೂ ಹರಡಿತು. ಆದರೆ ಆ ದೇವಿ ಬಂದಳೆಂದು ಇನ್ನೊಂದು ದೇವರನ್ನು ಗರ್ಭಗುಡಿಯಿಂದ ಎಬ್ಬಿಸಲು ಯಾವ ಆಗಮವೂ ಅವಕಾಶ ಕೊಡದು.

ಆಗಮಗಳು ಇನ್ನೊಂದು ವರ್ಗವನ್ನೂ ಗುರುತಿಸಿವೆ: ಮಣ್ಣು, ಹಿಟ್ಟು, ಮರಳುಗಳಲ್ಲಿ ಪೂಜೆಯ ಹೊತ್ತಿಗೆಂದೇ ಮಾಡುವ ಕ್ಷಣಿಕ ಲಿಂಗ, ಕ್ಷಣಿಕ ಬಿಂಬ. ಭಾದ್ರಪದ ಚೌತಿಯ ಪಾರ್ಥಿವ ಗಣಪತಿ ಇದೇ ಜಾತಿಗೆ ಸೇರಿದವನು. ಆವಾಹನೆಯ ಜೊತೆಗೇ ವಿಸರ್ಜನೆಯೂ ನಿಶ್ಚಯವಾಗಿರುತ್ತದೆ. ಜೆ.ಪಿ. ನಗರದಿಂದ ಬಿಟಿಎಂ ಲೇಔಟ್‌ವರೆಗೆ ಬೀದಿಬೀದಿಯ ಪೆಂಡಾಲುಗಳಲ್ಲಿ ಗಣೇಶ ಸಿನಿಮಾದ ವೇಷ ತೊಡಬಲ್ಲದ್ದಕ್ಕೆ ಇದೇ ಕಾರಣ. ಒಂದು ವರ್ಷ ಬಾಹುಬಲಿಯ ಭಂಗಿ, ಇನ್ನೊಂದು ವರ್ಷ ‘ಆರ್‌ಆರ್‌ಆರ್’. 2022ರ ಹಬ್ಬದಲ್ಲಿ ಪುನೀತ್ ಜೊತೆಗಿರುವ ಗಣಪನಿಗೆ ರಾಜ್ಯದಾದ್ಯಂತ ಬೇಡಿಕೆ ಇತ್ತು. ಹಿರಿಯರು ಕೆಲವರು ಮೂಗು ಮುರಿದರೂ ಯಾರೂ ಪೂಜೆ ನಿಲ್ಲಿಸಲಿಲ್ಲ. ಬಸವನಗುಡಿಯ ದೊಡ್ಡ ಗಣಪತಿಗೆ ಇದೇ ವೇಷ ಹಾಕುತ್ತೇವೆಂದು ಹೊರಟಿದ್ದರೆ ಮಾತು ಬೇರೆಯೇ ಆಗುತ್ತಿತ್ತು. ಒಂದೇ ದೇವರು, ಒಂದೇ ಪ್ರದೇಶದ ಭಕ್ತರು. ವ್ಯತ್ಯಾಸ ಇರುವುದು ಕರೆದು ಕಳುಹಿಸುವ ದೇವರಿಗೂ ನೆಲೆನಿಂತ ದೇವರಿಗೂ ನಡುವೆ.

ಆಟದ ಯಂತ್ರ ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರಬೇಕು? ಮಾಲೀಕನ ಲೆಕ್ಕದಲ್ಲಿ ಅದು ಕ್ಷಣಿಕ, ನಷ್ಟ ಬಂದ ದಿನ ವಿಸರ್ಜನೆ. ನೋಡಿ ಬೆಳೆದವರ ಮನಸ್ಸಿನಲ್ಲಿ ಅದು ಗೊತ್ತಾಗದಂತೆ ಪ್ರತಿಷ್ಠೆಗೊಂಡಿರುತ್ತದೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿ ಉದ್ಯಾನದ ‘ಟವರ್ ಆಫ್ ಟೆರರ್’ ಅನ್ನು ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಚಿತ್ರದ ಆಟವಾಗಿ ಮಾರ್ಪಡಿಸಿದಾಗ ಅಭಿಮಾನಿಗಳು ಸಹಿ ಸಂಗ್ರಹಿಸಿ ಬೇಡವೆಂದರು. ಅದೇ ಗೋಪುರ, ಅದೇ ಬೀಳುವಿಕೆ. ಆದರೂ ಏನೋ ಹೋಯಿತೆಂಬ ಸಂಕಟ. ದಕ್ಷಿಣ ಬೆಂಗಳೂರಿನವರಿಗೆ ಈ ಸಂಕಟ ಬಂದದ್ದು ತಿರುಗುಮುರುಗಾಗಿ: ಇಲ್ಲಿ ಜನ ಬಾರದೆ ಹೋದದ್ದು ಸಿನಿಮಾ ಮಂದಿರಗಳೇ. ಜಯನಗರ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಿದ್ದ, ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರ ಇಲ್ಲವಾಯಿತು. ತಿಲಕ್‌ನಗರದ ಸ್ವಾಗತ್ ಇದ್ದ ಜಾಗದಲ್ಲಿ ಮಾಲ್ ಎದ್ದಿತು. ಆ ಮಾಲ್ ಸ್ವಾಗತ್ ಎಂಬ ಹೆಸರನ್ನು ಉಳಿಸಿಕೊಂಡು, ಒಳಗೆ ಹಲವು ಪರದೆಗಳನ್ನೂ ಇಟ್ಟುಕೊಂಡಿತು. ಅರಿವಿಲ್ಲದೆ ನಡೆದ ಕಲಾಕರ್ಷಣ ಎಂದರೆ ಅತಿಯಾದೀತು, ಆದರೂ ಹಳೆಯ ಹೆಸರನ್ನು ಹೊಸ ಕಟ್ಟಡಕ್ಕೆ ಇಳಿಸುವ ಅಗತ್ಯ ವ್ಯಾಪಾರಿಗೂ ಕಂಡಿದೆ. ಬನಶಂಕರಿ ಮೂರನೇ ಹಂತದಲ್ಲಿ ಬಸ್ಸಿನವರು ಇಂದಿಗೂ ಕಾಮಾಕ್ಯ ಎಂದೇ ಕೂಗುವ ನಿಲ್ದಾಣಕ್ಕೆ ಆ ಹೆಸರು ಕೊಟ್ಟದ್ದು ಚಿತ್ರಮಂದಿರ.

ಕ್ಷಣಿಕವಾಗಲು ಒಪ್ಪದ್ದನ್ನು ಆಟವಾಗಿಸಿದರೆ ಏನಾಗುತ್ತದೆ ಎಂಬುದನ್ನು ‘ಕಾಂತಾರ’ ತೋರಿಸಿತು. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಆ ಚಿತ್ರದ ನಂತರ ದೈವದ ವೇಷ ಶಾಲೆಯ ವೇದಿಕೆ, ಮೆರವಣಿಗೆ, ಮೊಬೈಲ್ ರೀಲ್ಸ್‌ಗಳಿಗೆ ಇಳಿಯಿತು. 2025ರ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ತೆರೆಕಂಡಾಗ ಪ್ರೇಕ್ಷಕರು ಚಿತ್ರಮಂದಿರಗಳಿಗೇ ವೇಷ ಹಾಕಿಕೊಂಡು ಬಂದರು. ದೈವದ ಅನುಕರಣೆ ಬೇಡವೆಂದು ನಿರ್ಮಾಪಕರಾದ ಹೊಂಬಾಳೆ ಫಿಲ್ಮ್ಸ್‌ನವರೇ ಸಾರ್ವಜನಿಕವಾಗಿ ಕೇಳಿಕೊಳ್ಳಬೇಕಾಯಿತು. ತುಳುನಾಡಿನ ದೈವಾರಾಧನೆಯಾದ ಕೋಲದಲ್ಲಿ ಬಣ್ಣ, ಅಣಿ, ಗಗ್ಗರಗಳ ಜೊತೆಗೆ ಕಟ್ಟುವವನ ಅಧಿಕಾರವೂ ಸೇರಿದೆ. ನಲಿಕೆ, ಪಂಬದ, ಪರವ ಸಮುದಾಯಗಳ ಹಕ್ಕು, ವ್ರತ, ಸ್ಥಳ, ಗೊತ್ತುಪಡಿಸಿದ ದಿನ ಇಲ್ಲದೆ ಅದು ಕೋಲವಾಗದು. ಧರ್ಮಕೀರ್ತಿಯ ಮಾತಿನಲ್ಲೇ ಹೇಳುವುದಾದರೆ ಆ ವೇಷ ಅಲ್ಲಿ ಕೊಡುವ ಫಲ ನ್ಯಾಯತೀರ್ಮಾನ ಮತ್ತು ಅಭಯ. ಬಿಟಿಎಂ ಲೇಔಟಿನ ಮಾಲಿನಲ್ಲಿ ಅದೇ ವೇಷ ಕೊಡಬಹುದಾದದ್ದು ಒಂದು ಸೆಲ್ಫಿ.

ಸಿನಿಮಾ ಗಣಪನ ಮೇಲಿನ ಆಕ್ಷೇಪವನ್ನೂ ಇದೇ ಬೆಳಕಿನಲ್ಲಿ ಸರಿಪಡಿಸಿಕೊಳ್ಳಬೇಕು. ಅವನ ದೋಷ ಬಾಹುಬಲಿಯ ತೋಳಿನಲ್ಲಿಲ್ಲ. ಅಂಥ ಎತ್ತರ, ಅಂಥ ಭಂಗಿ ಕೆರೆಯ ಜೇಡಿಮಣ್ಣಿಗೆ ಕಷ್ಟವಾದ್ದರಿಂದ ಕೆಲಸಗಾರರು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಿಡಿದರು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ನಿಷೇಧಿಸಿದ್ದು ನೀರು ಕೆಡುತ್ತದೆಂದು, ಆದರೆ ಶಾಸ್ತ್ರದ ಕಡೆಯಿಂದಲೂ ಆಕ್ಷೇಪ ಗಟ್ಟಿಯಾಗಿಯೇ ಇದೆ. ಪಾರ್ಥಿವ ಮೂರ್ತಿಗೆ ಯಾವ ರೂಪವನ್ನೂ ತಾಳುವ ಸ್ವಾತಂತ್ರ್ಯ ಸಿಕ್ಕಿರುವುದು ಅದು ಕರಗುತ್ತದೆ ಎಂಬ ಷರತ್ತಿನ ಮೇಲೆ. ಯಡಿಯೂರು ಕೆರೆಯ ಕಲ್ಯಾಣಿಯಲ್ಲಿ ಮುಳುಗಿಸಿದ ಮೇಲೂ ಕರಗದೆ ಉಳಿದು, ಮರುದಿನ ಪಾಲಿಕೆಯವರು ಲಾರಿಗೆ ತುಂಬಬೇಕಾದ ಗಣಪನಿಗೆ ಮಂತ್ರದಲ್ಲಿ ವಿಸರ್ಜನೆಯಾಗಿದೆ, ವಸ್ತುವಿನಲ್ಲಿ ಆಗಿಲ್ಲ.