ಅವಮೌದರ್ಯವೂ ದೇಹದ ತೂಕವೂ

ಮೈತೂಕ ಇಳಿಸಲು ಹೊರಟವರು ಸೋತಾಗ ಅದನ್ನು ಸಂಯಮದ ಕೊರತೆಯೆಂದು, ಇನ್ನೂ ಮುಂದೆ ಹೋಗಿ ಬಾಯಿಚಪಲದ ದೋಷವೆಂದು ತೀರ್ಮಾನಿಸುವುದು ರೂಢಿಯಾಗಿದ್ದು, ಈ ತೀರ್ಮಾನಕ್ಕೆ ಧರ್ಮದ ಬೆಂಬಲವಿದೆಯೆಂಬ ಭಾವನೆಯೂ ಅದರೊಂದಿಗೇ ಬೆಳೆದಿದೆ. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಬಹುಕಾಲದಿಂದ ನೆಲೆನಿಂತ ಜೈನ ಮತ್ತು ವೀರಶೈವ-ಲಿಂಗಾಯತ ಪರಂಪರೆಗಳನ್ನು ಪರಿಶೀಲಿಸಿದರೆ ಆ ಭಾವನೆ ನಿಲ್ಲುವುದಿಲ್ಲ.

ಮೊದಲು ಶರೀರದ ಮಾತು. ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಟ್ಟ ಒಕ್ಕಲಿಗನಂತೆ ದೇಹವು ಕೊಬ್ಬಿನ ಸಂಗ್ರಹವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತೂಕ ಇಳಿದಂತೆ, ಸಂಗ್ರಹ ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಕುಗ್ಗುತ್ತದೆ. ಜಠರದಲ್ಲಿ ಹುಟ್ಟಿ ಹಸಿವನ್ನು ಕೆರಳಿಸುವ ಗ್ರೆಲಿನ್ ಹೆಚ್ಚುತ್ತದೆ. ಸುಮ್ಮನೆ ಕುಳಿತಾಗ ದೇಹ ವ್ಯಯಿಸುವ ಶಕ್ತಿಯೂ ತಗ್ಗುತ್ತದೆ. ಹೀಗಿರುವಾಗ ಸೋಲನ್ನು ಪಾಪವೆಂದು ಎಣಿಸುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಹೌದು.

ಇನ್ನು ಪರಂಪರೆಗಳ ಮಾತು. ಇದೇ ಸೀಮೆಯ ನರೇಗಲ್ಲಿನಲ್ಲಿ ಗಂಗರ ಬೂತುಗನ ರಾಣಿ ಪದ್ಮಬ್ಬರಸಿ 950ರಲ್ಲಿ ಕಟ್ಟಿಸಿದ ಬಸದಿ ಯಾವ ಧರ್ಮದ್ದೋ ಆ ಜೈನಧರ್ಮವು ತಪಸ್ಸನ್ನು ಬಾಹ್ಯ, ಆಭ್ಯಂತರ ಎಂದು ವಿಂಗಡಿಸಿ, ಬಾಹ್ಯ ತಪಸ್ಸಿನ ಆರು ಬಗೆಗಳಲ್ಲಿ ಪೂರ್ತಿ ಉಪವಾಸವಾದ ಅನಶನವನ್ನೂ, ಹೊಟ್ಟೆ ತುಂಬುವುದಕ್ಕಿಂತ ಮೊದಲೇ ಊಟ ನಿಲ್ಲಿಸುವ ಅವಮೌದರ್ಯವನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಪುರುಷನ ಪೂರ್ಣ ಆಹಾರಕ್ಕೆ 32 ತುತ್ತು, ಸ್ತ್ರೀಯದಕ್ಕೆ 28 ತುತ್ತು ಎಂದು ಲೆಕ್ಕವಿಟ್ಟ ಆಚಾರಗ್ರಂಥಗಳು, ಅದರಲ್ಲಿ ಒಂದೇ ತುತ್ತು ಕಡಿಮೆ ಉಂಡರೂ ಅದನ್ನು ತಪಸ್ಸೆಂದೇ ಪರಿಗಣಿಸಿವೆ. ಈ ವಿಧಿಯ ಗುರಿ ಕರ್ಮಕ್ಷಯವೇ ಹೊರತು ಸೊಂಟದ ಸುತ್ತಳತೆಯಲ್ಲ, ನಿಜ. ಆದರೂ ಆರ್ಭಟದ ಉಪವಾಸದ ಪಕ್ಕದಲ್ಲೇ, ದಿನವೂ ನಡೆಸಬಹುದಾದ ಸಣ್ಣ ಕಡಿತಕ್ಕೂ ಅದು ಸ್ಥಾನ ಕೊಟ್ಟಿದೆಯೆಂಬುದು ಗಮನಾರ್ಹ. ಕೋಸಲದ ರಾಜ ಪ್ರಸೇನಜಿತುವಿಗೆ ಬುದ್ಧ ತೋರಿದ ದಾರಿಯೂ ಇದಕ್ಕೆ ಹತ್ತಿರದ್ದು: ಮಿತಾಹಾರವನ್ನು ನೆನಪಿಸುವ ಗಾಥೆಯೊಂದನ್ನು ಊಟದ ಹೊತ್ತಿಗೆ ಹೇಳಲು ಆತ ಒಬ್ಬ ತರುಣನನ್ನು ದಿನಗೂಲಿ ಕೊಟ್ಟು ನೇಮಿಸಿಕೊಂಡು, ಕ್ರಮೇಣ ಅನ್ನದ ಅಳತೆಯನ್ನು ಇಳಿಸಿದನೆಂದು ಸಂಯುತ್ತನಿಕಾಯ ತಿಳಿಸುತ್ತದೆ. ರಾಜನಾದವನಿಗೂ ಕೇವಲ ಸಂಕಲ್ಪ ಸಾಲದಾಗಿತ್ತು.

ವೀರಶೈವ-ಲಿಂಗಾಯತ ಪರಂಪರೆಯ ಶರಣರ ಷಟ್‌ಸ್ಥಲ, ಎಂದರೆ ಸಾಧನೆಯ ಆರು ನೆಲೆಗಳಲ್ಲಿ, ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹೇಳಿದ ಭಕ್ತಿ ಅವಧಾನಭಕ್ತಿ. ಉಣ್ಣುವುದನ್ನೆಲ್ಲ ಮೊದಲು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕಾದವನು ಪ್ರತಿ ತುತ್ತಿನಲ್ಲೂ ಎಚ್ಚರದಿಂದಿರಬೇಕೆಂಬುದು ಇದರ ತಾತ್ಪರ್ಯ. ಇಲ್ಲಿ ದೇಹ ಶತ್ರುವಲ್ಲ, ಅರ್ಪಣೆಯ ಸಾಧನ. ಆದಕಾರಣ ಅದನ್ನು ದಂಡಿಸುವ ಪ್ರಶ್ನೆಗಿಂತ ಗಮನಿಸುವ ಪ್ರಶ್ನೆಯೇ ಮುಖ್ಯವಾಗುತ್ತದೆ. ಪ್ರಸಾದವನ್ನು ಚೆಲ್ಲಬಾರದೆಂಬ ನಿಯಮವನ್ನು ಹೆಚ್ಚು ಉಣ್ಣಲು ನೆಪವಾಗಿಸುವುದುಂಟು. ಬಡಿಸಿಕೊಳ್ಳುವಾಗಲೇ ಕಡಿಮೆ ಹಾಕಿಸಿಕೊಂಡರೆ ಆ ನೆಪಕ್ಕೆ ಎಡೆಯಿಲ್ಲ.

ಎರಿಭೂಮಿಯ ದುಡಿತಕ್ಕೆ ತಕ್ಕಂತೆ ರೂಪುಗೊಂಡ ಊಟದ ಪ್ರಮಾಣವನ್ನು, ಟ್ರ್ಯಾಕ್ಟರು ಮತ್ತು ಬೈಕು ಬಂದ ಮೇಲೂ, ಸಂಜೆಯ ಗಿರ್ಮಿಟ್-ಮಿರ್ಚಿಯನ್ನು ಅದಕ್ಕೆ ಕೂಡಿಸಿಕೊಂಡು, ಹಾಗೆಯೇ ಉಳಿಸಿಕೊಂಡಿರುವುದು ಈಗಿನ ತೊಡಕು. ಒಂದು ರೊಟ್ಟಿ ಕಡಿಮೆ ಮಾಡಿ, ಪಲ್ಯ ಮತ್ತು ಕಾಳು ಹೆಚ್ಚಿಸಿ, ನಡಿಗೆಯನ್ನು ಕಾಯಂ ಮಾಡಿ, ತಿಂಗಳುಗಳ ಬದಲು ವರ್ಷಗಳ ಲೆಕ್ಕ ಹಿಡಿಯುವುದೇ ಅವಮೌದರ್ಯಕ್ಕೂ ಶರೀರಶಾಸ್ತ್ರಕ್ಕೂ ಒಪ್ಪುವ ಕ್ರಮ. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಉಣ್ಣುವವರು ಸಾಕೆಂದ ಮೇಲೆ ಮತ್ತೊಂದು ರೊಟ್ಟಿಗೆ ಒತ್ತಾಯಿಸದಿರುವುದನ್ನೂ ಮನೆಮಂದಿ ದಾಸೋಹದ ಭಾಗವೆಂದೇ ಒಪ್ಪಿಕೊಳ್ಳಬೇಕು.