ಪದ ಕದ್ದವನು, ಅಂಕಿತ ಕದ್ದವನು

ಜೀವ ಉಳಿಸುವ ವಸ್ತುವನ್ನು ಒಬ್ಬನು ಕಂಡುಹಿಡಿದರೆ ಅದು ಅವನೊಬ್ಬನದೋ, ಎಲ್ಲರದೋ? ಅವನನ್ನು ಕೇಳದೆ ಇನ್ನೊಬ್ಬನು ಅದನ್ನೇ ಮಾಡಿ ಮಾರಿದರೆ ಅದು ಕಳ್ಳತನವೋ, ಪುಣ್ಯದ ಕೆಲಸವೋ? ಈ ಪ್ರಶ್ನೆ ನನಗೆ ಹುಟ್ಟಿದ್ದು ನಮ್ಮ ಕೊಟ್ಟಿಗೆಯಲ್ಲಿ ಖಾಲಿ ಉಳಿದ ಒಂದು ಗೂಟದಿಂದ.

ನಮ್ಮ ಜತ್ತ ಕಡೆ ಬೋರಿನ ನೀರೇ ಬಾಳುವೆ. ರಾತ್ರಿ ಎಷ್ಟೊತ್ತಿಗೆ ಕರೆಂಟು ಬರತದೋ ಅಷ್ಟೊತ್ತಿಗೆ ಎದ್ದು ಹೋಗಬೇಕು. ಕೈ ಹಸಿ, ಕಾಲು ಹಸಿ, ಕತ್ತಲೆ ಬೇರೆ. ಅದಕ್ಕೇ ಮೋಟರಿನ ಡಬ್ಬಿಗೆ ಒಂದು ಆರ್‌ಸಿಸಿಬಿ ಹಾಕಿಸು ಅಂತ ಅಕ್ಕನ ಮಗ ಎರಡು ವರ್ಷ ಗಂಟುಬಿದ್ದ. ಅವ ಐಟಿಐ ಕಲಿತು ವೈರಮನ್ ಕೆಲಸ ಮಾಡುವವ. ಕಡೆಗೊಮ್ಮೆ ಪೇಟೆಗೆ ಹೋದೆ. ಒಂದು ಅಂಗಡಿಯವ ಎರಡು ಡಬ್ಬಿ ಇಟ್ಟ. ಒಂದರ ಬೆಲೆ ಇನ್ನೊಂದರ ಅರ್ಧ. ಬಣ್ಣ ಅದೇ, ಆಕಾರ ಅದೇ, ಹೆಸರಿನಲ್ಲಿ ಒಂದಕ್ಷರ ಮಾತ್ರ ಹೆಚ್ಚು ಕಡಿಮೆ. "ಎರಡೂ ಒಂದೇ ಕಾಕಾ, ಅದು ಹೆಸರಿನ ರೊಕ್ಕ" ಅಂದ. ನಾನು ಅರ್ಧ ಬೆಲೆಯದನ್ನೇ ತಂದೆ. ಕೂಡಿಸಿದ ಮೇಲೆ ಅದರ ಸಣ್ಣ ಬಟನ್ ಒತ್ತಿದೆ. ಟಕ್ ಅಂತ ಬಿತ್ತು. ಭಾಳ ಸಮಾಧಾನ ಆತು.

ಮುಂದಿನ ಮಳೆಗಾಲದಲ್ಲಿ ಮೋಟರಿನ ಕೇಬಲ್ಲು ಒಂದು ಕಡೆ ಸಿಪ್ಪೆ ಬಿಟ್ಟು ಕರೆಂಟು ಪೈಪಿಗೆ ಇಳಿಯಿತು. ತಮ್ಮನ ಮಗ ಎತ್ತುಗಳನ್ನು ನೀರಿಗೆ ಬಿಟ್ಟಿದ್ದ. ಖಿಲಾರಿ ಎತ್ತು, ಸಾರಂಗ ಅಂತ ಹೆಸರು, ಪೈಪಿಗೆ ಮೂತಿ ಹಚ್ಚಿದ್ದೇ ತಡ, ಕೆಳಗೆ ಬಿತ್ತು. ಹುಡುಗನ ಕೈಯಾಗ ಹಗ್ಗ ಇತ್ತು. ಹಗ್ಗ ಒಣಗಿತ್ತು, ಕಾಲಿಗೆ ರಬ್ಬರಿನ ಚಪ್ಪಲಿ ಇತ್ತು. ಅಷ್ಟಕ್ಕೇ ಹುಡುಗ ನಮಗೆ ಉಳಿದ. ಎತ್ತು ಉಳಿಯಲಿಲ್ಲ.

ಅಕ್ಕನ ಮಗ ಆ ಡಬ್ಬಿ ಬಿಚ್ಚಿ ತಂದು ಕಟ್ಟೆಯ ಮೇಲೆ ಇಟ್ಟ. ಒಂದು ವೈರೂ ಕೂಡಿಸಿರಲಿಲ್ಲ. "ಮಾಮಾ, ಈಗ ಬಟನ್ ಒತ್ತು" ಅಂದ. ಒತ್ತಿದೆ. ಟಕ್ ಅಂತ ಬಿತ್ತು. "ಕರೆಂಟೇ ಇಲ್ಲದಾಗ ಇದು ಹೆಂಗ ಬಿತ್ತು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕ್ರೂ ತೆಗೆದು ತೋರಿಸಿದ. ಒಳಗೆ ಒಂದು ಸ್ಪ್ರಿಂಗು, ಒಂದು ಕೊಕ್ಕೆ. ಬಟನ್ನು ಕೊಕ್ಕೆಯನ್ನು ತಳ್ಳುತ್ತಿತ್ತು, ಅಷ್ಟೇ.

ನಿಜವಾದ ಡಬ್ಬಿಯ ಒಳಗೆ ಏನಿರತದ ಅನ್ನುವುದನ್ನು ಅವನೇ ಹೇಳಿದ. ಒಂದು ಉಂಗುರ ಇರುತ್ತದೆ. ಹೋಗುವ ವೈರು, ಬರುವ ವೈರು ಎರಡೂ ಅದರೊಳಗಿಂದ ಹಾಯುತ್ತವೆ. ಹೋದ ಕರೆಂಟಿನಷ್ಟೇ ತಿರುಗಿ ಬಂದರೆ ಲೆಕ್ಕ ತಾಳೆ, ಉಂಗುರ ಸುಮ್ಮನಿರುತ್ತದೆ. ಎಲ್ಲೋ ಒಬ್ಬ ಮನುಷ್ಯನ ಮೈಯಿಂದ ಒಂದಿಷ್ಟು ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ. 30 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಸಾಮಾನ್ಯ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಅದು ವೈರು ಸುಡದಂತೆ ಕಾಯುತ್ತದೆ. ಮನುಷ್ಯನನ್ನು ಕಾಯುವುದು ಇದು. ನಮ್ಮ ಮಂದಿ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.

ಅಮೆರಿಕದ ಬರ್ಕ್ಲಿ ವಿದ್ಯಾಪೀಠದಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಅಂತ ಒಬ್ಬ ಪ್ರಾಧ್ಯಾಪಕರು ಇದ್ದರು. ಎಷ್ಟು ಕರೆಂಟು ಹಿಡಿದರೆ ಮನುಷ್ಯ ಕೈ ಬಿಡಿಸಿಕೊಳ್ಳಲಾರ ಅನ್ನುವುದನ್ನು, ತಾವಾಗಿ ಮುಂದೆ ಬಂದವರ ಮೇಲೆ ಅಳೆದು ನೋಡಿದವರು. 1961ರಲ್ಲಿ ತಮ್ಮ ದೇಶಕ್ಕೆ ಈ ಜಾತಿಯ ಸಾಧನ ಮಾಡಿಕೊಟ್ಟರು. ಅಷ್ಟು ವರ್ಷ ತಲೆ ಕೆಡಿಸಿಕೊಂಡು ಮಾಡಿದವರಿಗೆ ಏನು ಸಲ್ಲಬೇಕು? ಹೆಸರು ಸಲ್ಲಬೇಕು, ಹೊಟ್ಟೆಗೂ ಸಲ್ಲಬೇಕು. ಅದಕ್ಕಾಗಿಯೇ ಪೇಟೆಂಟ್ ಅನ್ನುವ ಕಾಯಿದೆ. ನಮ್ಮ ದೇಶದಲ್ಲಿ 1970ರ ಕಾಯಿದೆ ಇದೆ. ಕಂಡುಹಿಡಿದವನು ತನ್ನ ಗುಟ್ಟನ್ನು ಬರೆದು ಸರ್ಕಾರಕ್ಕೆ ಕೊಡಬೇಕು. ಅದನ್ನು ಎಲ್ಲರೂ ಓದಬಹುದು. ಆದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಅವನ ಒಪ್ಪಿಗೆ ಇಲ್ಲದೆ ಬೇರೆಯವರು ಮಾಡಿ ಮಾರುವಂತಿಲ್ಲ. ಆಮೇಲೆ ಅದು ಊರಿನ ಬಾವಿ, ಯಾರು ಬೇಕಾದರೂ ಸೇದಬಹುದು.

ಆದರೆ ಇದರ ಮೇಲೆ ದೊಡ್ಡ ದೊಡ್ಡ ಜಗಳ ಆಗಿವೆ. ಚೀನಾದ ವೆನ್‌ಝೌ ನಗರದಲ್ಲಿ ಚಿಂಟ್ ಅನ್ನುವ ಕಂಪನಿ ಇದೆ. ಅದನ್ನು ಕಟ್ಟಿದ ನಾನ್ ತ್ಸುನ್‌ಹುಯಿ ಹುಡುಗನಿದ್ದಾಗ ಚಪ್ಪಲಿ ಹೊಲಿಯುತ್ತಿದ್ದವನು. 1984ರಲ್ಲಿ ಸಣ್ಣ ಸ್ವಿಚ್ಚಿನ ಕಾರ್ಖಾನೆ ಹಾಕಿದ. ಫ್ರಾನ್ಸಿನ ಶ್ನೈಡರ್ ದೊಡ್ಡ ಹಳೆಯ ಕಂಪನಿ. ನಮ್ಮದನ್ನು ಕದ್ದಿದ್ದೀರಿ ಅಂತ ಅದು ಚಿಂಟ್ ಮೇಲೆ ಹಲವು ಸಲ ಕೋರ್ಟಿಗೆ ಹೋಗಿತ್ತು. 2006ರಲ್ಲಿ ಗಾಳಿ ತಿರುಗಿತು. ಎಂಸಿಬಿಯ ಒಳಗಿನ ಒಂದು ರಚನೆಗೆ ಚಿಂಟ್ 1997ರಲ್ಲೇ ಅರ್ಜಿ ಹಾಕಿ ಹಕ್ಕು ಪಡೆದಿತ್ತು. ನೀವೇ ನಮ್ಮದನ್ನು ಬಳಸಿದ್ದೀರಿ ಅಂತ ಶ್ನೈಡರಿನ ಅಲ್ಲಿಯ ಕಂಪನಿಯ ಮೇಲೆ ದಾವೆ ಹಾಕಿತು. 2007ರಲ್ಲಿ ವೆನ್‌ಝೌ ಕೋರ್ಟು 33 ಕೋಟಿ 48 ಲಕ್ಷ ಯುವಾನ್ ಕೊಡಬೇಕು ಅಂದಿತು. ಮೇಲಿನ ಕೋರ್ಟಿಗೆ ಹೋಗಿ, 2009ರಲ್ಲಿ 15 ಕೋಟಿ 75 ಲಕ್ಷ ಯುವಾನಿಗೆ ರಾಜಿ ಆಯಿತು. ನಿನ್ನೆ ಕಳ್ಳ ಅನ್ನಿಸಿಕೊಂಡವನು ಇವತ್ತು ಮಾಲಕ ಆದ.

ಅಮೆರಿಕದಲ್ಲಿ ಇನ್ನೊಂದು ಜಗಳ. ಅದು ಶಾಕಿನಿಂದ ಕಾಯುವ ಸಾಧನದ್ದೇ. ಲೆವಿಟನ್ ಅನ್ನುವ ಕಂಪನಿ ಚೀನಾದ ಜನರಲ್ ಪ್ರೊಟೆಕ್ಟ್ ಅನ್ನುವ ಕಂಪನಿಯ ಮಾಲಿನ ಮೇಲೆ ದಾವೆ ಹಾಕಿ, 2007ರಲ್ಲಿ ರಾಜಿಯಾಗಿ, ಇನ್ನು ಈ ಪೇಟೆಂಟಿನ ಮೇಲೆ ಕೋರ್ಟಿಗೆ ಬರುವುದಿಲ್ಲ ಅಂತ ಕರಾರು ಬರೆದುಕೊಟ್ಟಿತು. ಆಮೇಲೆ ಅದೇ ಬೇರಿನಿಂದ ಚಿಗುರಿದ ಹೊಸ ಪೇಟೆಂಟುಗಳನ್ನು ಹಿಡಿದು 2010ರಲ್ಲಿ ಮತ್ತೆ ಬಂತು. 2011ರಲ್ಲಿ ಮೇಲಿನ ಕೋರ್ಟು ಒಪ್ಪಲಿಲ್ಲ. ಮರ ಬಿಟ್ಟುಕೊಟ್ಟ ಮೇಲೆ ಅದರ ಟೊಂಗೆ ನನ್ನದು ಅನ್ನಲು ಬರುವುದಿಲ್ಲ ಅನ್ನುವುದೇ ಆ ತೀರ್ಪಿನ ತಿರುಳು.

ಈ ಎರಡು ಕಥೆ ಕೇಳಿದಾಗ ನನಗೆ ಒಂದು ಸಂಗತಿ ಹೊಳೆಯಿತು. ಆ ಕೋರ್ಟುಗಳಲ್ಲಿ ವಾದಿ ಇದ್ದ, ಪ್ರತಿವಾದಿ ಇದ್ದ. ಹಸಿ ಕೈಯಿಂದ ಡಬ್ಬಿ ಮುಟ್ಟುವವನು ಇರಲಿಲ್ಲ. ಅವರ ಪ್ರಶ್ನೆ ಒಂದೇ, ಇದು ಯಾರದು? ನಮ್ಮ ಪ್ರಶ್ನೆ ಬೇರೆ, ಇದು ಉಳಿಸತದೋ ಇಲ್ಲೋ?

ಈಗ ನನ್ನ ಎತ್ತಿನ ಕಡೆಗೆ ಬರುತ್ತೇನೆ. ನನಗೆ ಆ ಡಬ್ಬಿ ಮಾಡಿದವನು ಏನು ಕದ್ದ? ಭಾಳ ದಿನ ಯೋಚನೆ ಮಾಡಿದೆ. ಅವನು ಡಾಲ್ಜಿಯಲ್ಲರ ವಿದ್ಯೆ ಕದಿಯಲಿಲ್ಲ. ಉಂಗುರ ಕದಿಯಲಿಲ್ಲ. ನಿಜವಾಗಿ ಕದ್ದಿದ್ದರೆ ಸಾರಂಗ ಇವತ್ತಿಗೂ ಗೋದಲಿಯಲ್ಲಿ ಮೇಯುತ್ತಿತ್ತು! ಅವನು ಬರೀ ಹೆಸರು ಕದ್ದ, ಬಣ್ಣ ಕದ್ದ, ಟಕ್ ಅನ್ನುವ ಸಪ್ಪಳ ಕದ್ದ.

ನಾನು ಡೊಳ್ಳಿನ ಪದ ಹಾಡುವವ, ಆದ್ದರಿಂದ ಈ ಲೆಕ್ಕ ನನಗೆ ಪದದಲ್ಲಿ ತಿಳಿಯುತ್ತದೆ. ನಮ್ಮಲ್ಲಿ ಪದ ಕಟ್ಟಿದವನು ಕಡೆಯ ನುಡಿಯಲ್ಲಿ ಅಂಕಿತ ಇಡುತ್ತಾನೆ. ಶರೀಫ ಸಾಹೇಬರಿಗೆ ಶಿಶುನಾಳಧೀಶ, ಬಸವಣ್ಣನವರಿಗೆ ಕೂಡಲಸಂಗಮದೇವ. ಪದವನ್ನು ಯಾರು ಬೇಕಾದರೂ ಹಾಡಬಹುದು, ರೊಕ್ಕ ಕೊಡಬೇಕಾಗಿಲ್ಲ. ಅಂಕಿತ ಮಾತ್ರ ಬಿಡಬಾರದು. ಹಿಂದೆ ಕ್ಯಾಸೆಟ್ಟಿನ ಕಾಲದಲ್ಲಿ ನಾನು ಕಟ್ಟಿದ ಒಂದು ಬೀರಪ್ಪನ ಪದವನ್ನು ಯಾರೋ ಹಾಡಿ, ನನ್ನ ಅಂಕಿತದ ನುಡಿ ಕತ್ತರಿಸಿ ಮಾರಿದರು. ಜಾತ್ರೆಯಲ್ಲಿ ನನ್ನ ಪದ ನನಗೇ ಕೇಳಿಸಿದಾಗ ಹೊಟ್ಟೆ ಉರಿಯಿತು. ಆದರೆ ಒಂದು ಮಾತು ಒಪ್ಪಬೇಕು. ಪದ ಸಾಯಲಿಲ್ಲ. ಕೇಳಿದವರಿಗೆ ಅದರಿಂದ ಕೆಟ್ಟದ್ದಾಗಲಿಲ್ಲ. ಲುಕ್ಸಾನು ಆದದ್ದು ನನಗೊಬ್ಬನಿಗೆ.

ಇನ್ನೊಂದು ಜಾತಿಯ ಕಳ್ಳ ಇದ್ದಾನೆ. ತಾನು ಕಟ್ಟಿದ ಜೊಳ್ಳು ಪದಕ್ಕೆ ದೊಡ್ಡವರ ಅಂಕಿತ ಹಚ್ಚುತ್ತಾನೆ. ಕೇಳಿದವರು ಇದು ಶರಣರ ಮಾತು ಅಂತ ನಂಬಿ ಹಾಗೇ ನಡೆಯುತ್ತಾರೆ. ಇಲ್ಲಿ ಕೆಡುವವರು ಕೇಳುವವರೇ. ಪದ ಕದ್ದವನು ಒಬ್ಬನಿಗೆ ಸಾಲಗಾರ. ಅಂಕಿತ ಕದ್ದವನು ನಂಬಿದವರಿಗೆಲ್ಲ ಸಾಲಗಾರ. ಮೊದಲನೆಯವನ ಸಾಲ ರೊಕ್ಕದಿಂದ ತೀರೀತು. ಎರಡನೆಯವನದು ತೀರುವುದಿಲ್ಲ.

ಹಾಗಾದರೆ ಪೇಟೆಂಟ್ ಇದ್ದವನ ಮಾತೇ ಕಡೆಯ ಮಾತೋ? ಅದೂ ಅಲ್ಲ ಅನ್ನಿಸುತ್ತದೆ. ಕಂಡುಹಿಡಿದವನ ಹಕ್ಕು ಹೊಲದ ಲಾವಣಿ ಇದ್ದ ಹಾಗೆ. ಮುದ್ದತ್ತು ಇದೆ, ಕರಾರು ಇದೆ, ಭೂಮಿ ತಾಯಿ ಮಾತ್ರ ಯಾರಪ್ಪನ ಸ್ವತ್ತೂ ಅಲ್ಲ. ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ಕಾರಿನ ಮೂರು ತುದಿಯ ಸೀಟ್ ಬೆಲ್ಟ್ ಮಾಡಿದಾಗ, ಆ ಕಂಪನಿ ಪೇಟೆಂಟ್ ಪಡೆದೂ ಅದನ್ನು ಎಲ್ಲ ಕಾರು ಮಾಡುವವರಿಗೆ ಬಿಟ್ಟುಕೊಟ್ಟಿತು. ಇವತ್ತು ಎಲ್ಲರ ಕಾರಿನಲ್ಲೂ ಅದೇ ಇದೆ. ಎಲ್ಲರೂ ಅಷ್ಟು ದೊಡ್ಡ ಮನಸ್ಸಿನವರು ಇರುವುದಿಲ್ಲ. ಅದಕ್ಕೇ ನಮ್ಮ ಕಾಯಿದೆಯಲ್ಲಿ ಒಂದು ಬಾಗಿಲು ಇಟ್ಟಿದ್ದಾರೆ. ಪೇಟೆಂಟ್ ಸಿಕ್ಕು ಮೂರು ವರ್ಷ ಆದರೂ ವಸ್ತು ಜನರಿಗೆ ಎಟುಕುವ ಬೆಲೆಗೆ ಸಿಗದಿದ್ದರೆ, ಬೇರೆಯವರಿಗೆ ಮಾಡಲು ಪರವಾನಗಿ ಕೊಡಬಹುದು. ಹಕ್ಕಿನವನಿಗೂ ಪಾಲು ಕೊಡಿಸಬಹುದು. 2012ರಲ್ಲಿ ಒಂದು ಕ್ಯಾನ್ಸರ್ ಔಷಧಕ್ಕೆ ಹಾಗೆ ಮಾಡಿದರು. ತಿಂಗಳಿಗೆ ಎರಡು ಲಕ್ಷ ಎಂಬತ್ತು ಸಾವಿರದ ಆಸುಪಾಸು ಇದ್ದದ್ದು 8,880 ರೂಪಾಯಿಗೆ ಇಳಿಯಿತು. ಅಲ್ಲಿ ಔಷಧ ನಿಜದ್ದೇ, ಹಕ್ಕಿನವನಿಗೆ ಪಾಲೂ ಸಿಕ್ಕಿತು, ರೋಗಿಗೂ ಎಟುಕಿತು. ಇದು ಧರ್ಮದ ದಾರಿ. ಅರ್ಧ ಬೆಲೆಗೆ ಖಾಲಿ ಡಬ್ಬಿ ಮಾರುವವನು ಬಡವರ ಹೆಸರು ಹೇಳಿಕೊಂಡು ಈ ದಾರಿಯ ಪಕ್ಕದಲ್ಲಿ ನಿಲ್ಲಬಾರದು.

ಕೆಲವರು ಕೇಳುತ್ತಾರೆ: ಎಲ್ಲ ಪುಕ್ಕಟೆ ಬಿಟ್ಟರೆ ಏನಾಯಿತು? ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಬಿತ್ತಿದವನಿಗೆ ಕಾಳು ಸಿಗದಿದ್ದರೆ ಮುಂದಿನ ವರ್ಷ ಬಿತ್ತುವವರು ಯಾರು? ಇನ್ನು ಕೆಲವರು ಅನ್ನುತ್ತಾರೆ: ಕಷ್ಟಪಟ್ಟವನದು, ಅವನು ಹೇಳಿದ್ದೇ ಬೆಲೆ. ಅವರಿಗೆ ಕೇಳುತ್ತೇನೆ, ಬೆಲೆ ಕೊಡಲಾರದೆ ಸತ್ತವನ ಮನೆಯ ಮುಂದೆ ಈ ಮಾತು ಆಡತೀರೇನು? ಎರಡೂ ಕಡೆ ನ್ಯಾಯ ಇದೆ. ಎರಡರಲ್ಲಿ ಜೀವದ ತಕ್ಕಡಿ ಒಂದು ಗುಂಜಿ ಹೆಚ್ಚು ತೂಗಬೇಕು, ಅಷ್ಟೇ ನನ್ನ ಮಾತು.

ಕಡೆಯದಾಗಿ ನನ್ನ ಪಾಲಿನ ತಪ್ಪು ಹೇಳಬೇಕು. ಕ್ಯಾಸೆಟ್ಟಿನವ ನನ್ನ ಅಂಕಿತ ಕತ್ತರಿಸಿದಾಗ ಊರೆಲ್ಲ ಹೇಳಿಕೊಂಡು ಅತ್ತೆ. ಅಂಗಡಿಯಲ್ಲಿ ಇನ್ನೊಬ್ಬರ ಹೆಸರು ಕದ್ದ ಡಬ್ಬಿ ಕಣ್ಣಿಗೆ ಕಂಡಾಗ, ಆ ಒಂದಕ್ಷರದ ವ್ಯತ್ಯಾಸ ಓದಿದೆ. ಏಳನೇ ಇಯತ್ತೆ ಕಲಿತವನಿಗೆ ಒಂದಕ್ಷರ ಓದಲು ಬರುತ್ತದೆ. ಓದಿಯೂ ಸುಮ್ಮನೆ ರೊಕ್ಕ ಎಣಿಸಿ ಕೊಟ್ಟೆ. ಕದ್ದವನು ಒಬ್ಬ, ಮಾರಿದವನು ಇನ್ನೊಬ್ಬ, ಕೊಂಡವನು ನಾನು. ಮೂರೂ ಮಂದಿಯ ಕೈ ಅದರಲ್ಲಿ ಇತ್ತು. ಸತ್ತದ್ದು ಮಾತ್ರ ನಾಲ್ಕನೆಯದು.

ಈಗ ಐಎಸ್‌ಐ ಗುರುತಿನ ಡಬ್ಬಿ ಹಾಕಿಸಿದ್ದೇನೆ. ತಿಂಗಳಿಗೊಮ್ಮೆ ಎರಡು ಸಲ ಬಟನ್ ಒತ್ತುತ್ತೇನೆ. ಕರೆಂಟು ಇದ್ದಾಗ ಒತ್ತಿದರೆ ಬೀಳಬೇಕು. ಕರೆಂಟು ಹೋದಾಗ ಒತ್ತಿದರೆ ಬೀಳಬಾರದು. ಹುಡುಗನಿಗೂ ಕಲಿಸಿದ್ದೇನೆ. ಆ ಗೂಟಕ್ಕೆ ಇನ್ನೂ ಬೇರೆ ಎತ್ತು ಕಟ್ಟಿಲ್ಲ.