ವೈದ್ಯನಾರಾಯಣನಿಗೆ ವಿಶ್ರಾಂತಿ ಬೇಡವೆ?

ನಮ್ಮ ದೇವಾಲಯದ ಜೀರ್ಣೋದ್ಧಾರ ಕಾರ್ಯವು ನೆರವೇರುತ್ತಿರುವ ಈ ಸಂದರ್ಭದಲ್ಲಿ, ದೇವಾಲಯದ ನಿತ್ಯವಿಧಿಗಳಲ್ಲಿಯೇ ಅಡಗಿರುವ ಒಂದು ಧರ್ಮಸೂಕ್ಷ್ಮವನ್ನು ಓದುಗರ ಮುಂದಿಡಲು ಬಯಸುತ್ತೇನೆ. ಮಧ್ಯಾಹ್ನದ ಪೂಜೆ ಮುಗಿದೊಡನೆ ಅರ್ಚಕರು ಗರ್ಭಗುಡಿಯ ಬಾಗಿಲನ್ನು ಹಾಕುತ್ತಾರೆ. ನಮ್ಮ ತಮಿಳು ಬಾಂಧವರು ಇದನ್ನು ‘ನಡೈ ಸಾತ್ತುವುದು’ ಎನ್ನುತ್ತಾರೆ. ಆ ಬಳಿಕ ಎಷ್ಟು ದೂರದಿಂದ ಬಂದ ಭಕ್ತನಾದರೂ ಜಗಲಿಯ ಮೇಲೆ ಕುಳಿತು ಕಾಯುತ್ತಾನೆಯೇ ಹೊರತು ಬಾಗಿಲು ಬಡಿಯುವುದಿಲ್ಲ. ರಾತ್ರಿ ಶಯನಸೇವೆಯಾದ ಮೇಲಂತೂ ಮಾತೇ ಇಲ್ಲ. ಸರ್ವಶಕ್ತನಿಗೆ ಆಯಾಸವೆಲ್ಲಿಯದು? ಆದರೂ ನಮ್ಮ ಹಿರಿಯರು ಅವನಿಗೆ ವಿಶ್ರಾಂತಿಯ ಹೊತ್ತನ್ನು ಗೊತ್ತುಮಾಡಿದರು.

ವೈದ್ಯನನ್ನೂ ನಾವು ನಾರಾಯಣನೆಂದೇ ಭಾವಿಸುತ್ತ ಬಂದಿದ್ದೇವೆ. ಆದರೆ ಗುಡಿಯ ನಾರಾಯಣನಿಗೆ ಸಲ್ಲಿಸುವ ಈ ಮರ್ಯಾದೆಯನ್ನು ಆಸ್ಪತ್ರೆಯ ನಾರಾಯಣನಿಗೆ ಸಲ್ಲಿಸಿದ್ದೇವೆಯೆ? ಆಯಾಸವಿಲ್ಲದವನಿಗೆ ವಿಶ್ರಾಂತಿಯನ್ನು ಕೊಟ್ಟು, ಆಯಾಸವುಳ್ಳವನಿಗೆ ಅದನ್ನು ನಿರಾಕರಿಸುವುದು ಯಾವ ನ್ಯಾಯ?

ಈ ಪ್ರಶ್ನೆಯನ್ನು ನಾನು ಪರರ ಮೇಲೆ ಎಸೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗನಿಗೆ ಮೂರು ದಿನದಿಂದ ಜ್ವರವಿತ್ತು. ಹಗಲಿನಲ್ಲಿ ತೋಟದ ಕೆಲಸವೆಂದು ಅಲಕ್ಷ್ಯ ಮಾಡಿ, ರಾತ್ರಿ ಒಂದು ಗಂಟೆಗೆ ಮಗುವನ್ನು ಎತ್ತಿಕೊಂಡು ಒಂದು ಆಸ್ಪತ್ರೆಗೆ ಹೋದೆ. ಅಲ್ಲಿ ತರುಣ ವೈದ್ಯೆಯೊಬ್ಬಳು ಮೇಜಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದಳು. “ಸಂಬಳ ತೆಗೆದುಕೊಂಡು ಮಲಗುವುದೆ?” ಎಂದು ನಾನು ಗದರಿದೆ. ಅವಳು ಗಡಬಡಿಸಿ ಎದ್ದು, “ಕೊಂಚ ಇರಿ ತಾತಾ, ಮುಖ ತೊಳೆದು ಬರುತ್ತೇನೆ” ಎಂದಳು. ಮಗುವನ್ನು ಶ್ರದ್ಧೆಯಿಂದ ನೋಡಿ ಔಷಧವನ್ನು ಕೊಟ್ಟಳು. ಹಿಂದಿನ ದಿನ ಬೆಳಗಿನಿಂದ ಅವಳು ಮನೆಗೆ ಹೋಗಿಲ್ಲವೆಂದು ಹೊರಗೆ ಬಂದ ಮೇಲೆ ದಾದಿಯಿಂದ ತಿಳಿಯಿತು. ಹಗಲಿನಲ್ಲಿಯೇ ತರಬಹುದಾಗಿದ್ದ ಮಗುವನ್ನು ಅಪರಾತ್ರಿಯಲ್ಲಿ ತಂದವನು ನಾನು. ಬೈಗುಳ ತಿಂದವಳು ಅವಳು. ಆ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ಇಂತಹ ಬಳಲಿಕೆ ಬೆಳೆದು ಸ್ಥಿರವಾಗಿ ನಿಂತಾಗ ಅದನ್ನು ಇಂಗ್ಲಿಷಿನಲ್ಲಿ ‘ಬರ್ನ್‌ಔಟ್’ ಎಂದು ಕರೆಯುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು 1974ರಲ್ಲಿ ಈ ಮಾತನ್ನು ಶಾಸ್ತ್ರೀಯ ಚರ್ಚೆಗೆ ತಂದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಸೋರಿಹೋದಂತಹ ದಣಿವು, ಮಾಡುವ ಕೆಲಸದಲ್ಲಿ ವಿಮುಖತೆ ಅಥವಾ ತಾತ್ಸಾರ, ತನ್ನಿಂದ ಏನೂ ಸಾಧ್ಯವಾಗುತ್ತಿಲ್ಲವೆಂಬ ಭಾವನೆ. ಇದನ್ನು ರೋಗವೆಂದು ಹೇಳದೆ, ಕೆಲಸದ ಸ್ಥಳದಲ್ಲಿ ಬಹುಕಾಲ ಪರಿಹಾರವಿಲ್ಲದೆ ಉಳಿದ ಒತ್ತಡದ ಫಲವೆಂದು ಆ ಸಂಸ್ಥೆ ಹೇಳಿರುವುದು ಗಮನಾರ್ಹ. ನಂದಾದೀಪದಲ್ಲಿ ಎಣ್ಣೆ ತೀರಿದರೆ ಬತ್ತಿಯೇ ಸುಡತೊಡಗುತ್ತದೆ. ಅದು ಬತ್ತಿಯ ದೋಷವಲ್ಲ. ಎಣ್ಣೆ ಹೊಯ್ಯದವರ ದೋಷ.

ಈ ಕಷ್ಟವು ವೈದ್ಯನಾದ ಮೇಲೆ ಮಾತ್ರ ಬರುವುದಲ್ಲ, ವಿದ್ಯಾರ್ಥಿದೆಸೆಯಲ್ಲಿಯೇ ಆರಂಭವಾಗುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು 2024ರಲ್ಲಿ ನೀಡಿದ ವರದಿಗಾಗಿ 25,590 ಮಂದಿ ಪದವಿ ವಿದ್ಯಾರ್ಥಿಗಳು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅವರಲ್ಲಿ ಶೇಕಡಾ 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆಯಿರುವುದಾಗಿ ತಿಳಿಸಿದರು. ಕಿರಿಯ ನಿವಾಸಿ ವೈದ್ಯರ ಕರ್ತವ್ಯವು ಸಾಮಾನ್ಯವಾಗಿ ವಾರಕ್ಕೆ 48 ಗಂಟೆಗಳನ್ನೂ ಒಂದೇ ಸಮನೆ 12 ಗಂಟೆಗಳನ್ನೂ ಮೀರಬಾರದೆಂದು ಕೇಂದ್ರ ಸರ್ಕಾರವು 1992ರಲ್ಲಿಯೇ ಹೇಳಿತ್ತು. ಮೂವತ್ತೆರಡು ವರ್ಷಗಳ ಮೇಲೆ ಈ ಕಾರ್ಯಪಡೆಯು, ವಾರಕ್ಕೆ 74 ಗಂಟೆಗಳನ್ನಾದರೂ ಮೀರದಿರಲಿ, ವಾರದಲ್ಲಿ ಒಂದು ದಿನವಾದರೂ ಬಿಡುವಿರಲಿ ಎಂದು ಶಿಫಾರಸು ಮಾಡಬೇಕಾಯಿತು. ಆಜ್ಞೆಗೂ ಆಚರಣೆಗೂ ನಡುವೆ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ. ಅದೇ ವರ್ಷ ಆಗಸ್ಟ್ 9ರಂದು ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ, ಸುದೀರ್ಘ ಕರ್ತವ್ಯದ ನಡುವೆ ಸಭಾಕೊಠಡಿಯಲ್ಲಿ ಮಲಗಿದ್ದ ತರುಣ ವೈದ್ಯೆಯೊಬ್ಬಳು ಕೊಲೆಗೀಡಾದುದನ್ನು ದೇಶವೆಲ್ಲ ಕೇಳಿ ಮರುಗಿತು.

ಇವೆಲ್ಲ ದೂರದ ಮಾತೆಂದು ನಾವು ತಿಳಿಯಬಾರದು. 2022ರ ಜನವರಿ 12ರಂದು ಉದ್ಘಾಟನೆಗೊಂಡ ತಮಿಳುನಾಡಿನ 11 ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮ ನೀಲಗಿರಿ ಜಿಲ್ಲೆಯದೂ ಒಂದು. ಉದಕಮಂಡಲದ ಚಳಿಯಲ್ಲಿ ದೀಪ ಹಚ್ಚಿಟ್ಟು ಓದುತ್ತಿರುವ ಆ ಮಕ್ಕಳೇ ನಾಳೆ ನಮ್ಮ ನಾಡಿಯನ್ನು ಹಿಡಿಯುವವರು.

ಇಲ್ಲಿ ಆಸ್ತಿಕರಾದ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. “ನಿಷ್ಕಾಮಕರ್ಮಿಗೆ ದಣಿವಿಲ್ಲ, ಸೇವಾಭಾವ ಕಡಿಮೆಯಾದುದರಿಂದಲೇ ಈ ಬಳಲಿಕೆ” ಎಂದು. ಮಾತು ಕೇಳಲು ಚೆನ್ನಾಗಿದೆ, ಆದರೆ ಗೀತೆಗೆ ಸಮ್ಮತವಲ್ಲ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ, ಅತಿಯಾಗಿ ನಿದ್ರಿಸುವವನಿಗೂ ನಿದ್ರೆಗೆಡುವವನಿಗೂ ಯೋಗವು ಸಿದ್ಧಿಸದೆಂದು ಭಗವಂತನು ಆರನೆಯ ಅಧ್ಯಾಯದಲ್ಲಿ ಅರ್ಜುನನಿಗೆ ತಿಳಿಸಿದ್ದಾನೆ. ಫಲಾಪೇಕ್ಷೆಯನ್ನು ಬಿಡೆಂದು ಹೇಳಿದವನು ನಿದ್ರೆಯನ್ನು ಬಿಡೆಂದು ಹೇಳಲಿಲ್ಲ. ಅಲ್ಲದೆ, ನಿಷ್ಕಾಮತೆಯು ನಾವು ನಮಗೆ ವಿಧಿಸಿಕೊಳ್ಳಬೇಕಾದ ವ್ರತವೇ ಹೊರತು, ಇತರರಿಂದ ಸುಲಿಗೆ ಮಾಡಬೇಕಾದ ಕಪ್ಪವಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. “ದೇವರ ದರ್ಶನ ಬೆಳಿಗ್ಗೆಯಾದರೂ ಆದೀತು, ಹಾವು ಕಚ್ಚಿದವನು, ಹೆರಿಗೆ ಬೇನೆಯವಳು ಬೆಳಗಿನವರೆಗೆ ಕಾಯಬಹುದೆ? ಮಸಿನಗುಡಿಯಿಂದ ಕಲ್ಹಟ್ಟಿಯ 36 ತಿರುವುಗಳನ್ನು ಏರಿ ಬಂದವನಿಗೆ ವೈದ್ಯರು ಮಲಗಿದ್ದಾರೆಂದು ಹೇಳಬಹುದೆ?” ಖಂಡಿತವಾಗಿ ಹೇಳಬಾರದು. ಆದರೆ ಇದಕ್ಕೆ ಉತ್ತರವು ನಮ್ಮ ಕಾಡಿನಲ್ಲಿಯೇ ಇದೆ. ಗೂಡಲೂರಿನಿಂದ ಗುಂಡ್ಲುಪೇಟೆಗೆ ಹೋಗುವ ಬಂಡೀಪುರದ ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಲಾಗಿದೆ. ಮೃಗಗಳು ನಿರ್ಭಯವಾಗಿ ಸಂಚರಿಸಲೆಂದು ಮಾಡಿದ ಏರ್ಪಾಡು ಅದು. ಆದರೆ ರೋಗಿಯನ್ನು ಹೊತ್ತ ಆಂಬುಲೆನ್ಸಿಗೆ ಅಲ್ಲಿ ತಡೆಯಿಲ್ಲ. ನೆಮ್ಮದಿಯೇ ನಿಯಮ, ಆಪತ್ತೇ ವಿನಾಯಿತಿ. ಆನೆ ಜಿಂಕೆಗಳಿಗೆ ನಾವು ಒಪ್ಪಿ ಕೊಟ್ಟಿರುವ ಈ ನ್ಯಾಯವು ಮನುಷ್ಯನಾದ ವೈದ್ಯನಿಗೆ ಸಲ್ಲಬಾರದೆ? ಆಸ್ಪತ್ರೆಯ ಬಾಗಿಲು ಸದಾ ತೆರೆದಿರಲಿ. ಆದರೆ ಬಾಗಿಲಲ್ಲಿ ನಿಲ್ಲುವವರು ಸರದಿಯಿಂದ ಬದಲಾಗಲಿ. ಸರದಿಗೆ ಸಾಕಷ್ಟು ಜನರಿಲ್ಲವೆಂದರೆ, ಆ ಕೊರತೆಯನ್ನು ಸರ್ಕಾರವೂ ಸಮಾಜವೂ ತುಂಬಬೇಕೇ ಹೊರತು ಒಬ್ಬ ತರುಣನ ನಿದ್ರೆಯಿಂದ ತುಂಬಬಾರದು. ನಿದ್ರೆಗೆಟ್ಟ ಕೈಯಲ್ಲಿ ಸೂಜಿ ನಡುಗಿದರೆ ಹಾನಿ ಯಾರಿಗೆ? ರೋಗಿಗೇ ಅಲ್ಲವೆ?

ನಮ್ಮ ಪ್ರಾಚೀನರು ಈ ವಿಷಯವನ್ನು ಚೆನ್ನಾಗಿ ಅರಿತಿದ್ದರು. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಯಾದವನು ನಡೆದುದನ್ನು ನೆನಪಿಟ್ಟುಕೊಂಡು ತಿಳಿಸಬೇಕು, ಹೇಳಿದಂತೆ ನಡೆಯಬೇಕು, ಧೈರ್ಯವಾಗಿರಬೇಕು ಎಂದು ಅವನಿಗೂ ಅಲ್ಲಿ ಗುಣಗಳನ್ನು ವಿಧಿಸಿದೆ. ನಾಲ್ಕರಲ್ಲಿ ವೈದ್ಯನು ಪ್ರಧಾನನೆಂಬುದೂ ಅಲ್ಲಿಯೇ ಉಂಟು. ಆದರೆ ಪ್ರಧಾನನೆಂದರೆ ಏಕಾಕಿಯೆಂದು ಅರ್ಥವಲ್ಲ. ಇಂದು ನಾವು ಮೂರು ಪಾದಗಳ ಭಾರವನ್ನೂ ಒಂದೇ ಪಾದದ ಮೇಲೆ ಹೊರಿಸಿ, ಅದು ಕುಸಿದಾಗ ದೂಷಿಸುತ್ತಿದ್ದೇವೆ.

ಭಾರವನ್ನು ಹಂಚಿಕೊಳ್ಳುವ ಬಗೆಯನ್ನು ನಮ್ಮ ಗೂಡಲೂರಿನಲ್ಲಿಯೇ ನೋಡಬಹುದು. ಅಲ್ಲಿ ಆದಿವಾಸಿಗಳ ಆರೋಗ್ಯಕಾರ್ಯವು 1987ರಲ್ಲಿ ಹಾಡಿಗಳಿಂದ ಮೊದಲಾಯಿತು. 1990ರಲ್ಲಿ ಆದಿವಾಸಿ ಆಸ್ಪತ್ರೆಯು ಬಂದಿತು. ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ ಮುಂತಾದ ಜನರ ತರುಣತರುಣಿಯರನ್ನೇ ಆರೋಗ್ಯ ಕಾರ್ಯಕರ್ತರಾಗಿಯೂ ದಾದಿಯರಾಗಿಯೂ ಪಳಗಿಸಿದರು. ಬಸುರಿಯ ಆರೈಕೆ, ಮಗುವಿನ ತೂಕ, ಚುಚ್ಚುಮದ್ದಿನ ನೆನಪು ಹಾಡಿಯಲ್ಲಿಯೇ ನಡೆದರೆ, ಅಪರಾತ್ರಿಯಲ್ಲಿ ವೈದ್ಯನ ಬಾಗಿಲಿಗೆ ಬರುವ ಆಪತ್ತು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆ ಆಸ್ಪತ್ರೆಯನ್ನು ನಡೆಸುವ ಸಂಸ್ಥೆಯ ಹೆಸರು ‘ಅಶ್ವಿನಿ’. ಇಂಗ್ಲಿಷ್ ಅಕ್ಷರಗಳಿಂದ ಕೂಡಿಸಿದ ಹೆಸರಾದರೂ ಅದು ಸಾರ್ಥಕವಾಗಿದೆ. ಅಶ್ವಿನೀದೇವತೆಗಳೆಂದರೆ ದೇವಲೋಕದ ವೈದ್ಯರು; ಅವರು ಯಮಳರು. ದೇವತೆಗಳಿಗೂ ವೈದ್ಯನೊಬ್ಬನೇ ಸಾಲದೆ ಹೋಯಿತೆಂಬುದನ್ನು ನಾವು ನೆನೆಯಬೇಕು.

ವೈದ್ಯರಲ್ಲಿಯೂ ಒಂದು ವಿನಂತಿ. ತಾವು ದಣಿದೆವೆಂದು ಹೇಳಿಕೊಳ್ಳುವುದು ಅವಮಾನವೆಂಬ ಭಾವನೆಯನ್ನು ಬಿಡಬೇಕು. ಲೋಕದ ವೈದ್ಯರೆಲ್ಲ ಮನ್ನಿಸುವ ಜಿನೀವಾ ಪ್ರತಿಜ್ಞೆಗೆ 2017ರಲ್ಲಿ ತಿದ್ದುಪಡಿಯಾಗಿ, ಉತ್ತಮ ಶುಶ್ರೂಷೆಗಾಗಿ ವೈದ್ಯನು ತನ್ನ ಆರೋಗ್ಯವನ್ನೂ ಕಾಪಾಡಿಕೊಳ್ಳಬೇಕೆಂಬುದು ಅದರಲ್ಲಿ ಸೇರಿದೆ. ಮನಸ್ಸು ಕುಗ್ಗಿದಾಗ ಒಬ್ಬರೊಡನೆ ಮಾತನಾಡಲು 2022ರಿಂದ ಸರ್ಕಾರದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಯಿದೆ; ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅಲ್ಲಿ ಮಾತನಾಡಬಹುದು. ನಮ್ಮ ಊರಿನ ಮಗನೋ ಮಗಳೋ ವೈದ್ಯಕೀಯ ಓದುತ್ತಿದ್ದರೆ, ರಜೆಗೆ ಬಂದಾಗ ಅಂಕಗಳನ್ನು ಕೇಳುವ ಮೊದಲು “ನಿದ್ರೆ ಮಾಡುತ್ತೀಯೇನಮ್ಮ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೇನಪ್ಪ?” ಎಂದು ಹಿರಿಯರು ವಿಚಾರಿಸಲಿ.

ಕೊನೆಯದಾಗಿ ಜೀರ್ಣೋದ್ಧಾರದ ಮಾತಿಗೇ ಬರುತ್ತೇನೆ. ಕಲ್ಲಿನ ಗುಡಿಯೂ ಮಳೆಗಾಳಿಗೆ ಜೀರ್ಣವಾಗುತ್ತದೆ. ಆದುದರಿಂದಲೇ 12 ವರ್ಷಗಳಿಗೊಮ್ಮೆ ಕುಂಭಾಭಿಷೇಕವಾಗಬೇಕೆಂಬ ಸಂಪ್ರದಾಯವು ನಮ್ಮಲ್ಲಿದೆ. ಕೆಲಸ ನಡೆಯುವಾಗ ದೇವರ ಸಾನ್ನಿಧ್ಯವನ್ನು ಬಾಲಾಲಯದಲ್ಲಿ ನೆಲೆಗೊಳಿಸಿ, ಮೂಲಸ್ಥಾನವನ್ನು ಸುಮ್ಮನೆ ಬಿಡುತ್ತೇವೆ. ಗುಡಿ ಜೀರ್ಣವಾಯಿತೆಂದು ಯಾರೂ ದೇವರನ್ನು ನಿಂದಿಸುವುದಿಲ್ಲ. ಊರೆಲ್ಲ ಕೂಡಿ ಕೈಜೋಡಿಸುತ್ತದೆ. ಕಲ್ಲಿಗೆ ಬೇಕಾದುದು ದೇಹಕ್ಕೂ ಮನಸ್ಸಿಗೂ ಬೇಡವೆ? ದೇವರ ಬಾಗಿಲು ಮುಚ್ಚಿರುವಾಗ ತಾಳ್ಮೆಯಿಂದ ಜಗಲಿಯಲ್ಲಿ ಕುಳಿತುಕೊಳ್ಳುವ ಭಕ್ತನು, ಅದೇ ತಾಳ್ಮೆಯನ್ನು ಆಸ್ಪತ್ರೆಯ ಜಗಲಿಗೂ ಕೊಂಡೊಯ್ಯಲಿ. ನಮ್ಮನ್ನು ಕಾಯುವವರನ್ನು ಕಾಯುವ ಬುದ್ಧಿಯನ್ನು ಭಗವಂತನು ನಮ್ಮೆಲ್ಲರಿಗೂ ದಯಪಾಲಿಸಲೆಂದು ಪ್ರಾರ್ಥಿಸುತ್ತೇನೆ.